ಎತ್ತಬಾರದ ಕೈ

ಡಿಂಪ್ನಾ ಗೆರಾಟಿ ಪುಟ್ಟ ಹುಡುಗಿಯಾಗಿದ್ದಾಗಿನಿಂದ ಕಲಿತದ್ದು ಒಂದೇ: ಕುಣಿಯುವಾಗ ಕಾಲು ಏನಾದರೂ ಮಾಡಲಿ, ಕೈ ಮಾತ್ರ ಪಕ್ಕೆ ಬಿಡಬಾರದು. ಅಲುಗಿದರೆ ಕುಣಿತ ಕಲಿಸುವ ಟೂಹಿ ಟೀಚರ್ ಕೋಲು ಗೆಣ್ಣಿನ ಮೇಲೆ ಚಟೀರೆನ್ನುತ್ತಿತ್ತು. ಅದಕ್ಕೂ ಬಗ್ಗದ ಕೈಗಳನ್ನು ಬೆಲ್ಟಿನಿಂದ ಸೊಂಟಕ್ಕೆ ಬಿಗಿಯುತ್ತಿದ್ದಳು. ಶಿಸ್ತು ಅನ್ನುತ್ತಿದ್ದರು ಅದಕ್ಕೆ. ಹೊಡೆತಕ್ಕೆ ಒಳ್ಳೆಯ ಹೆಸರಿಡುವುದರಲ್ಲಿ ಕ್ಲೇರ್ ಸೀಮೆಯವರನ್ನು ಮೀರಿಸುವವರಿಲ್ಲ.

ಹದಿನೇಳನೆಯ ವರ್ಷ ಎನ್ನಿಸ್ ಪೇಟೆಯ ದೊಡ್ಡ ಸ್ಪರ್ಧೆಗೆ ಹೊರಟಳು. ಗೆದ್ದರೆ ಟೀಚರ್ ಅವಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಚಿಕ್ಕ ಮಕ್ಕಳಿಗೆ ಕಲಿಸಲು ಹಚ್ಚುವವಳಿದ್ದಳು. ಅಂದರೆ ಅಪ್ಪನಿಲ್ಲದ ಮನೆ. ಡಿಂಪ್ನಾಗೆ ಬೇಕಿದ್ದದ್ದು ಅಷ್ಟೇ, ಬಹುಮಾನವಲ್ಲ.

ಹೊರಡುವ ಬೆಳಿಗ್ಗೆ, ಹಂದಿ ಕೋಳಿ ಒಳಬಾರದಂತೆ ಹೊಸ್ತಿಲಿಗಿದ್ದ ಅರೆಬಾಗಿಲನ್ನು ಕೀಲಿನಿಂದ ಕಳಚಿ ನೆಲಕ್ಕೆ ಹಾಸಿದಳು. ಮಣ್ಣುನೆಲದಲ್ಲಿ ಹೆಜ್ಜೆಯ ಸದ್ದು ಕೇಳುವುದಿಲ್ಲ, ಹಲಗೆಯ ಮೇಲಾದರೆ ತಪ್ಪು ಸಿಕ್ಕಿಬೀಳುತ್ತದೆ. ಮೊಳೆ ಬಡಿದ ಬೂಟು ಕಟ್ಟಿ, ಕಣ್ಣುಮುಚ್ಚಿ ಮೊದಲ ಹೆಜ್ಜೆಗೆ ನಿಂತಳು. ಅಷ್ಟರಲ್ಲಿ ರಾತ್ರಿಯೆಲ್ಲ ಕುಡಿದಿದ್ದ ಅಪ್ಪ ಮ್ಯಾಲಕಿ ಬಂದ.

"ಲೇ, ಹಂದಿ ಒಳಗೆ ನುಗ್ತಾ ಇದೆ. ಬಾಗಿಲೆಲ್ಲೇ?"

"ಈಗ ಹಾಕ್ತೀನಪ್ಪಾ. ಒಂದೇ ಒಂದ್ಸಲ ಕುಣಿದು..."

"ನನ್ನ ಬಾಗಿಲ ಮೇಲೇ ಕುಣೀತೀಯಾ?"

ಮೊದಲ ಏಟು ಕೆನ್ನೆಗೆ ಬಿತ್ತು, ಮತ್ತೊಂದು ಬಾಯಿಗೆ. ತುಟಿ ಸೀಳಿ ರಕ್ತ ಹಲಗೆಗೆ ತೊಟ್ಟಿಕ್ಕಿತು. ಡಿಂಪ್ನಾಳ ಕೈ ಏಳಲಿಲ್ಲ. ಕಾಲಲ್ಲಿ ಬೂಟು, ಕಾಲಡಿ ಹಲಗೆ; ಕೈ ಎತ್ತಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಅಮ್ಮ ನೋನಿ ನಡುವೆ ಓಡಿಬಂದಳು. ಎರಡೂ ಮುಂಗೈ ಮುಖಕ್ಕೆ ಅಡ್ಡ, ತಲೆ ಎಡಕ್ಕೆ ವಾಲಿಸಿ. ಮದುವೆಯಾದಾಗಿನಿಂದ ಅವಳಿಗೆ ಅದೇ ರೂಢಿ. ಮ್ಯಾಲಕಿ ಅವಳನ್ನು ಗೋಡೆಗೆ ಅಪ್ಪಳಿಸಿದ. ಆಮೇಲೆ ಬೂಟು ಕಿತ್ತು ಬೆಂಕಿಗೆ ಹಾಕಲು ಮಗಳ ಕಾಲಿಗೆ ಬಗ್ಗಿದ.

ಬಗ್ಗಬಾರದಿತ್ತು. ಕಾಲಿಗೆ ಯಾರೂ ಬೆಲ್ಟು ಕಟ್ಟಿರಲಿಲ್ಲ. ಬೂಟಿನ ಮೂತಿ ದವಡೆಗೆ ಬಡಿಯಿತು. ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಬೂದಿಯ ಮೇಲೆ ಬಿದ್ದು ರಕ್ತ ಉಗಿಯುತ್ತಾ ನರಳಿದ.

ನೋನಿ ಮಗಳ ಮುಖ ಒರೆಸಿ, ಕಂದಿದ್ದು ಕಾಣದಂತೆ ಹಿಟ್ಟು ಸವರಿದಳು. "ಕೈಯಾದ್ರೂ ಅಡ್ಡ ಹಿಡೀಬಾರ್ದಿತ್ತಾ ಮಗಾ? ಕಂಬದ ಹಾಗೆ ನಿಂತ್ಯಲ್ಲೇ!"

"ಏಳ್ಲಿಲ್ಲ ಅಮ್ಮಾ. ಏನ್ ಮಾಡ್ಲಿ?"

ತಾಯಿ ಮಗಳು ಎನ್ನಿಸ್‌ನ ಸಭಾಂಗಣ ತಲುಪಿದಾಗ ಟೂಹಿ ಟೀಚರ್ ಊದಿದ ತುಟಿಯನ್ನು ನೋಡಿದಳು. "ಬಿದ್ದೆಯೇನೇ?"

"ಬಾಗಿಲು ತಗುಲ್ತು ಟೀಚರ್."

"ಸರಿ. ಕೈ ಜೋಪಾನ."

ಡಿಂಪ್ನಾ ಕುಣಿದಳು. ಪಿಟೀಲಿನ ರಾಗ ಎಲ್ಲಿ ಓಡಿದರೆ ಅಲ್ಲಿ ಅವಳ ಹೆಜ್ಜೆ. ಹಿಂದಿನ ಬೆಂಚಿನ ಗಂಡಸರೂ ಮಾತು ನಿಲ್ಲಿಸಿದರು. ಕೊನೆಯ ಸುತ್ತು ಇನ್ನೇನು ಮುಗಿಯಬೇಕು, ವೇದಿಕೆಗೆ ಒತ್ತಿಕೊಂಡೇ ಕೂತಿದ್ದ ತೀರ್ಪುಗಾರ ಸಾಕೆನ್ನುವ ಗಂಟೆ ಬಾರಿಸಲು ಕೈ ಎತ್ತಿದ.

ಅವಳ ಎರಡೂ ಮುಂಗೈ ಮುಖಕ್ಕೆ ಹಾರಿದವು. ತಲೆ ಎಡಕ್ಕೆ ವಾಲಿತು.

ಗಂಟೆ ಬಾರಿಸಲು ಮರೆತು ಅವನು ಹಾಗೇ ಕೂತ. ಇಡೀ ಸಭೆ ನೋಡಿತು. ಟೂಹಿ ಟೀಚರ್ ಕೋಲನ್ನು ಸ್ಕರ್ಟಿನ ಮರೆಗೆ ಸರಿಸಿದಳು.

ನೋನಿ ಎದ್ದಳು. ತನ್ನದೇ ಕೈ, ತನ್ನದೇ ಕತ್ತು ಅಲ್ಲಿ ಮಗಳ ಮೈಮೇಲೆ ಕಂಡಿತ್ತು ಅವಳಿಗೆ. ಎಲ್ಲರೆದುರು ವೇದಿಕೆ ಹತ್ತಿ, ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಸೋತೆ ಅಮ್ಮಾ."

"ಸೋತ್ರೆ ಸೋತೆ, ಬಿಡು. ಬೂಟು ಬಿಚ್ಚಬೇಡ, ದಾರಿ ದೂರ ಇದೆ. ನಿನ್ನ ಚಿಕ್ಕಮ್ಮನ ಮನೆಗೆ ಹೋಗ್ತಿದೀವಿ. ಇಬ್ರೂ."