ಅತ್ತೆಗೆ ಓದಿ ಹೇಳಿದ ಕಥೆ

ಅರವತ್ತರ ದಶಕದಲ್ಲಿ ನಾವು ಅಹಮದಾಬಾದಿನ ಮಣಿನಗರದಲ್ಲಿದ್ದಾಗ, ಪಕ್ಕದ ಮನೆಯಲ್ಲಿದ್ದ ಧಾರವಾಡದ ಹೆಂಗಸು, ನಾನು ಕಾಕು ಎಂದು ಕರೆಯುತ್ತಿದ್ದವರು, ಕಥೆ ಬರೆಯುತ್ತಿದ್ದರು. "ಕಟ್ಟಿ ಹೇಳಲಿಕ್ಕೆ ನನಗ ಬರಂಗಿಲ್ಲವಾ, ಕಂಡುಂಡದ್ದನ್ನಷ್ಟ ಬರೀತೀನಿ" ಎಂದು ನನಗೆ ಯಾವಾಗಲೂ ಹೇಳುವರು.

ಒಮ್ಮೆ ಅವರ ಕಥೆ ಪತ್ರಿಕೆಯಲ್ಲಿ ಅಚ್ಚಾಯಿತು. ಓದು ಬಾರದ ಅವರ ಅತ್ತೆ, "ಓದಿ ಹೇಳು" ಎಂದರು. ಸೊಸೆಯ ಪುಸ್ತಕಗಳನ್ನು ಬಚ್ಚಲೊಲೆಗೆ ಹಾಕಿದ ಅತ್ತೆಯ ಕಥೆ ಅದು. ನಡೆದದ್ದು ಅದೇ ಮನೆಯಲ್ಲೆಂದು ನನಗೂ ಗೊತ್ತಿತ್ತು. ಕಾಕು ಒಂದಕ್ಷರ ಬಿಡದೆ ಓದಿದರು. ನಾನೂ ಅಲ್ಲೇ ಕೂತಿದ್ದೆ.

ಮುದುಕಿ ಕೊನೆಯವರೆಗೂ ಕೇಳಿದರು. ಆಮೇಲೆ, "ಅರ್ಧಾನ ಬರದೀಯಲ್ಲ" ಎಂದರು. "ಸಣ್ಣಾಕಿ ಇದ್ದಾಗ ಅಕ್ಷರ ತಿದ್ದೋ ನನ್ನ ಪಾಟಿ ನಮ್ಮಪ್ಪ ಒಡದು ಹಾಕಿದ್ದ. ಅದನ್ನ ಯಾರು ಬರೀಬೇಕು?"

ಕಾಕು ಪೆನ್ನು ತೆಗೆದುಕೊಂಡು ಅತ್ತೆಯ ಎದುರಿಗೆ ನೆಲದ ಮೇಲೆ ಕೂತರು. "ಹೇಳ್ರಿ ಅತ್ತಿ, ಮೊದಲಿಂದ ಹೇಳ್ರಿ."