ಗೇಟಿನ ಕಂಬದ ಮೇಲಿನ ಸಂಬಳ

ಮಾತಿಲ್ಲದೆ ಅರೆಗಳಿಗೆ ಇರಲಾರದವರನ್ನೇ ಹುಡುಕಿ ದೇವರು ಒಂಟಿ ಮಾಡುತ್ತಾನೋ ಏನೋ. ನೈರೋಬಿಯ ಹೈರಿಡ್ಜಿನಲ್ಲಿದ್ದ ಫಿಲೋಮಿನಾಬಾಯಿಯನ್ನೇ ನೋಡಿ. ಗಂಡ ಆರ್ಥರ್ ತೀರಿಕೊಂಡಿದ್ದರು. ಮಗಳು ಆಂಜೆಲಾ ಇರುವುದು ಅದೇ ಊರಿನ ಲ್ಯಾವಿಂಗ್ಟನ್ನಿನಲ್ಲಿ. ಆದರೂ ಟ್ರಾಫಿಕ್ಕು, ಮೀಟಿಂಗು, ಮಕ್ಕಳ ಸ್ವಿಮ್ಮಿಂಗು ಅಂತ ಬರುವುದು ಹಬ್ಬಕ್ಕೊಮ್ಮೆ. ಮೊಮ್ಮಕ್ಕಳೋ, ಅಜ್ಜಿಯ ಕೊಂಕಣಿ ಚೆನ್ನಾಗಿ ಅರ್ಥವಾದರೂ ‘ಓಕೆ ಗ್ರ್ಯಾನಿ’ ಅಂದು ಫೋನಿಗೆ ಮುಖ ಹುದುಗಿಸುವ ಪೈಕಿ. ಸಂಗೀತದ ಟೀಚರಾಗಿ ಜೀವಮಾನವಿಡೀ ಮಕ್ಕಳ ಗದ್ದಲ ಕೇಳಿದ್ದ ಕಿವಿಗೆ ಈಗ ಫ್ರಿಜ್ಜಿನ ಗುರುಗುರು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಾತಿಗೆ ಇದ್ದವರು ಒಬ್ಬರೇ, ಗೇಟಿನ ಮುಸೆಂಬಿ ಅಜ್ಜ. ಮಚಾಕೋಸ್ ಕಡೆಯ ಹಳ್ಳಿಯವರು, ತೊಂಬತ್ತು ದಾಟಿತ್ತು. ಫ್ಲ್ಯಾಟಿನವರು ಯೂನಿಫಾರಂ ತೊಟ್ಟ ಹೊಸ ಕಾವಲುಗಾರರನ್ನು ತಂದ ಮೇಲೂ ಅಜ್ಜ ತಮ್ಮ ಸ್ಟೂಲು ಬಿಟ್ಟೇಳಲಿಲ್ಲ, ಫಿಲೋಮಿನಾಬಾಯಿಯೂ ಏಳಗೊಡಲಿಲ್ಲ. ‘ಅವರ ಸಂಬಳ ನನ್ನ ಪೆನ್ಶನ್ನಿನಿಂದ ಹೋಗಲಿ, ನಿಮಗೇನು ಕಷ್ಟ?’ ಎಂದು ಮೀಟಿಂಗಿನಲ್ಲಿ ಜಗಳವಾಡಿ ಗೆದ್ದರು. ದಿನಾ ಬೆಳಿಗ್ಗೆ ಎರಡು ಕಪ್ಪು ಚಹಾ ಹಿಡಿದು ಗೇಟಿಗೆ ಹೋದರೆಂದರೆ ಸ್ವಾಹಿಲಿಯಲ್ಲಿ ಮಾತು ಸೊಪ್ಪಿನ ಬೆಲೆಯಿಂದ ಶುರುವಾಗಿ ಯಾರ್ಯಾರದೋ ಮದುವೆ ಮುರಿದಲ್ಲಿಗೆ ಮುಟ್ಟುತ್ತಿತ್ತು. ಅಜ್ಜ ಆಡುವುದು ಕಡಿಮೆ, ಕೇಳುವುದು ಹೆಚ್ಚು. ಮಾತುಗಾರರಿಗೆ ಇನ್ನೇನು ಬೇಕು?

ಆ ಗೇಟಿನಲ್ಲಿ ಒಂದು ಪದ್ಧತಿಯಿತ್ತು. ಅಜ್ಜನ ಸಂಬಳವನ್ನು ಕೈಗೆ ಕೊಡುವಂತಿಲ್ಲ. ಗೇಟಿನ ಕಂಬದ ಮೇಲಿಟ್ಟು, ಹಾರದ ಹಾಗೆ ಒಂದು ಹರಳುಕಲ್ಲು ಹೇರಿ, ಒಳಗೆ ಹೋಗಿಬಿಡಬೇಕು. ಆಮೇಲೆ ಅಜ್ಜ ತೆಗೆದುಕೊಳ್ಳುವರು. ಫಿಲೋಮಿನಾಬಾಯಿಯ ಅಪ್ಪ, ಮಂಗಳೂರಿನ ಆಂಡ್ರ್ಯೂ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯಕ್ಕೆ ಸಂಬಳದ ಗುಮಾಸ್ತರಾಗಿದ್ದವರು. ನೈರೋಬಿಗೆ ಮರಳಿ ಬಂದು ಈ ಕಟ್ಟಡ ಕಟ್ಟಿಸುವಾಗ ಕಂಬದ ತಲೆಗೆ ಸಪಾಟಾದ ಹಾಸುಗಲ್ಲೊಂದನ್ನು ಅದಕ್ಕೆಂದೇ ಕೂರಿಸಿದ್ದರು. ಅಪ್ಪ ಮಾಡಿದ್ದನ್ನು ಮಗಳು ಮುಂದುವರಿಸಿದರು. ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ.

2013ರಲ್ಲಿ ಮೇಲಿನ ಫ್ಲ್ಯಾಟಿಗೆ ಶ್ರೀರಂಜನಿ ಬಂದಳು. ಗಂಡನಿಗೆ ಬೆಂಗಳೂರಿನಿಂದ ಬ್ಯಾಂಕಿನ ಪೋಸ್ಟಿಂಗ್. ಕಂಬದ ಮೇಲೆ ದುಡ್ಡಿಡುವುದನ್ನು ಬಾಲ್ಕನಿಯಿಂದ ನೋಡಿ ಕೆಳಗಿಳಿದು ಬಂದಳು.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ಕೈ ತಾಗಬಾರ್ದು ಅಂತ ದೂರ ಇಡೋದು ನಮ್ಮಜ್ಜಿ ಮಡಿ ಥರಾನೇ ಇದೆ. ಈಗ್ಲೂ ಇದೆಲ್ಲ ಬೇಕಾ? ನೋಡೋರಿಗೆ ಒಂಥರಾ ಅನ್ಸತ್ತೆ.”

“ಎಂತ ಮಾರಾಯ್ತಿ ನೀನು! ನಾವು ಕ್ರಿಶ್ಚಿಯನ್ನರು. ನಮಗೆ ಎಂತ ಮಡಿ?”

ರೇಗಿದರೇನೋ ಹೌದು. ಆದರೆ ಅಮ್ಮ ಸಿಂಕಿನ ಕೆಳಗೆ ಬೇರೆಯಾಗಿ ಇಡುತ್ತಿದ್ದ, ಮುಸೆಂಬಿ ಅಜ್ಜನದೇ ಆದ ತಗಡಿನ ಲೋಟ ನೆನಪಾಗಿ ಫಿಲೋಮಿನಾಬಾಯಿಗೆ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಅಪ್ಪನೂ ಹಾಗೇ ಇದ್ದರೇ? ಆಂಜೆಲಾಗೆ ಫೋನು ಮಾಡಿದರೆ, “ಜಸ್ಟ್ ಎಂ-ಪೆಸಾ ಹಿಮ್, ಮಮ್ಮಿ,” ಅಂದಳು. ಮೊಬೈಲಿನಿಂದ ಮೊಬೈಲಿಗೆ ದುಡ್ಡು ಕಳಿಸುವ ಏರ್ಪಾಡು ಅದು. ಅಜ್ಜನ ಹತ್ತಿರ ಮೊಬೈಲೇ ಇಲ್ಲವೆಂಬುದು ಆ ಮಹಾರಾಯಿತಿಗೆ ಹೇಗೆ ಗೊತ್ತಿರಬೇಕು!

ಮುಂದಿನ ಸಂಬಳದ ದಿನ ಫಿಲೋಮಿನಾಬಾಯಿ ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅಜ್ಜನ ಬಳಿ ಹೋಗಿ, ಅವರ ಬಲಗೈ ಹಿಡಿದೆಳೆದು, ಅಂಗೈಗೆ ನೋಟು ತುರುಕಿ, ಸುಕ್ಕುಬಿದ್ದ ಬೆರಳುಗಳನ್ನು ತಾವೇ ಮಡಚಿದರು.

“ಬೇಡ ಮಾಮಾ, ಬೇಡ,” ಎಂದರು ಅಜ್ಜ. ಸ್ವಾಹಿಲಿಯ ‘ಮಾಮಾ’ ಅಂದರೆ ಅಮ್ಮ.

“ಸುಮ್ಮನಿರಿ ಮ್ಜೇ!” ಅಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ. “ಇನ್ನು ಮೇಲೆ ನಮ್ಮಿಬ್ಬರ ನಡುವೆ ಈ ಕಂಬ ಬೇಡ.”

ಎಂಥಾ ಒಳ್ಳೆಯ ಮಾತು! ಅಜ್ಜನ ಕಣ್ಣು ತುಂಬಿತು. ಅದು ಸಂತೋಷದ್ದೆಂದೇ ಫಿಲೋಮಿನಾಬಾಯಿ ತಿಳಿದರು, ಪಾಪ. ಅಜ್ಜ ಸ್ಟೂಲಿನ ಮೇಲೆ ಕುಸಿದು, ಮಡಚಿದ ಮುಷ್ಟಿಯನ್ನು ತಮ್ಮದಲ್ಲವೆಂಬಂತೆ ನೋಡುತ್ತಾ ಕೂತರು. ಎಂದೂ ಹೇಳದ ಕತೆ ಆಗ ಹೊರಬಂತು.

“ನಾನು ಬರ್ಮಾದಲ್ಲಿ ಸಿಪಾಯಿಯಾಗಿದ್ದೆ, ಮಾಮಾ. ಎಲ್ಲರಿಗೂ ಒಂದೇ ಕಾಡು, ಒಂದೇ ಜ್ವರ, ಒಂದೇ ಗುಂಡು. ಸಂಬಳ ಮಾತ್ರ ಬೇರೆ. ಬಿಳಿಯರಿಗೆ ಎಲ್ಲಕ್ಕಿಂತ ಹೆಚ್ಚು, ನಿಮ್ಮಪ್ಪನಂಥ ಇಂಡಿಯನ್ನರಿಗೆ ನಡುವಿನದು, ಕರಿಯರಾದ ನಮಗೆ ಕೊನೆಯದು. ಸಂಬಳದ ದಿನ ಮೇಜಿನ ಮುಂದೆ ನಿಂತು, ಸೆಲ್ಯೂಟ್ ಹೊಡೆದು, ಕೈ ಚಾಚಬೇಕು. ಒಂದು ಸಲ ನಾವೆಲ್ಲ ಮಾತಾಡಿಕೊಂಡೆವು. ಸೆಲ್ಯೂಟ್ ಹೊಡೆಯೋಣ, ಕೈ ಚಾಚುವುದು ಬೇಡ. ಸಮ ಸಂಬಳ ಕೊಡುವವರೆಗೆ ಯಾರೂ ಚಾಚಬಾರದು. ಮೊದಲು ಹೋದವನು ನಮ್ಮೂರಿನ ಕಿಲೋಂಜೊ. ಎರಡೂ ಕೈ ತೊಡೆಗೆ ಅಂಟಿಸಿ ನಿಂತ. ಅವನ ಹಿಂದೆ ನಾನು. ಮೇಜಿನ ಹಿಂದೆ ನಾಣ್ಯ ಹಿಡಿದು ಕೂತಿದ್ದವರು ನಿಮ್ಮಪ್ಪ.”

ಫಿಲೋಮಿನಾಬಾಯಿ ಕಂಬದ ಹಾಸುಗಲ್ಲಿನತ್ತ ತಿರುಗಿದರು.

“ಮಿಲಿಟರಿ ಕೋರ್ಟಿಗೆ ಅವರನ್ನೇ ಸಾಕ್ಷಿಯಾಗಿ ಕರೆದರು. ಇವರು ಹುಕುಂ ಮೀರಿದರೇ ಅಂತ ಕೇಳಿದರು. ಹೌದು ಅಂದರು. ಸುಳ್ಳೇನಲ್ಲ. ಯಾಕೆ ಮೀರಿದರು ಅಂತ ಯಾರೂ ಕೇಳಲಿಲ್ಲ, ಅವರೂ ತಾವಾಗಿ ಹೇಳಲಿಲ್ಲ. ಸಾಹೇಬರ ಚಹಾದ ಹೊತ್ತಿಗೆ ಎಲ್ಲ ಮುಗಿಯಿತು. ದಂಗೆಕೋರರೆಂದು ಜೈಲಿಗೆ ಹಾಕಿದರು. ಕಿಲೋಂಜೊ ಅಲ್ಲೇ ಕಲ್ಲೊಡೆಯುತ್ತಾ ಸತ್ತ. ಹೊರಗೆ ಬಂದ ನನ್ನನ್ನು ನಿಮ್ಮಪ್ಪ ಹುಡುಕಿಕೊಂಡು ಬಂದು ಈ ಕೆಲಸ ಕೊಟ್ಟರು. ಹೊಟ್ಟೆ ಕೇಳಬೇಕಲ್ಲ, ಒಪ್ಪಿಕೊಂಡೆ. ಆದರೆ ಕೈ ಚಾಚುವುದಿಲ್ಲ ಅಂದೆ. ಅವರು ಏನೂ ಹೇಳದೆ ಆ ಕಲ್ಲು ಕೂರಿಸಿದರು.”

“ಗೊತ್ತಿರಲಿಲ್ಲ ಮ್ಜೇ. ದೇವರಾಣೆ ಗೊತ್ತಿರಲಿಲ್ಲ.”

“ಸವಾ, ಮಾಮಾ, ಇರಲಿ ಬಿಡಿ. ನೀವು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಆ ಸಾಲಿನಲ್ಲಿ ನಿಂತವರೆಲ್ಲ ಹೋದರು. ಉಳಿದಿದ್ದವನು ನಾನೊಬ್ಬ. ನಾಳೆ ಕಿಲೋಂಜೊ ಸಿಕ್ಕಿ ‘ಕೈ ತೋರಿಸು’ ಅಂದರೆ ಏನು ಹೇಳಲಿ?”

ಮರುದಿನ ಚಹಾ ಹಿಡಿದು ಹೋದರೆ ಸ್ಟೂಲು ಇತ್ತು, ಅಜ್ಜ ಇರಲಿಲ್ಲ. ಕಂಬದ ಹಾಸುಗಲ್ಲಿನ ಮೇಲೆ ನೋಟುಗಳು ಹಾಗೆಯೇ ಇದ್ದವು, ಮೇಲೆ ಅದೇ ಹರಳುಕಲ್ಲು. ಊರಿಗೆ ಹೋದರು ಅಂದ ಹೊಸ ಕಾವಲುಗಾರ. ಇಂದು ಬಂದಾರು, ನಾಳೆ ಬಂದಾರು ಎಂದು ಫಿಲೋಮಿನಾಬಾಯಿ ದಿನಾ ಎರಡು ಕಪ್ಪು ಹಿಡಿದೇ ಹೋಗುತ್ತಿದ್ದರು. ಒಂದನ್ನು ಕುಡಿದು, ಇನ್ನೊಂದನ್ನು ಗೇಟಿನ ಗಿಡದ ಬುಡಕ್ಕೆ ಚೆಲ್ಲಿ ಬರುತ್ತಿದ್ದರು. ಶ್ರೀರಂಜನಿ ಮೇಲಿಂದ “ಏನ್ ಆಂಟಿ, ಅಜ್ಜ ಕಾಣ್ತಿಲ್ಲ?” ಎಂದು ಕೂಗಿದರೆ ಉತ್ತರ ಬರುತ್ತಿರಲಿಲ್ಲ. ಮಾತೇ ಬೇಡವಾಗಿಬಿಟ್ಟಿತ್ತು ಆ ಮಾತುಗಾರ್ತಿಗೆ. ಗಂಡ ಸತ್ತಾಗಲೂ ಮನೆ ಇಷ್ಟು ಬಿಕೋ ಅಂದಿರಲಿಲ್ಲ.

ನವೆಂಬರಿನಲ್ಲಿ ಕಾವಲುಗಾರನ ಫೋನಿಗೆ ಸುದ್ದಿ ಬಂತು. ಅಜ್ಜ ಹಳ್ಳಿಯಲ್ಲಿ ತೀರಿಕೊಂಡಿದ್ದರು. “ಮಟಾಟುವಿನಲ್ಲಾ? ಅಲೋನ್? ಆರ್ ಯು ಮ್ಯಾಡ್, ಮಮ್ಮಿ?” ಎಂದು ಆಂಜೆಲಾ ಕಿರುಚುತ್ತಿದ್ದಂತೆಯೇ ಫಿಲೋಮಿನಾಬಾಯಿ ಫೋನಿಟ್ಟು, ಕಿಕ್ಕಿರಿದ ಮಟಾಟು ವ್ಯಾನಿನಲ್ಲಿ ಯಾರದೋ ಕೋಳಿಬುಟ್ಟಿಯ ಪಕ್ಕ ಕೂತು ಮಚಾಕೋಸಿನ ದಾರಿ ಹಿಡಿದರು.

ಅಂಗಳದಲ್ಲಿ ಶವಪೆಟ್ಟಿಗೆ ತೆರೆದಿತ್ತು. ಸುತ್ತ ನೆರೆಹೊರೆಯವರು. ಯಾರೋ ಅಜ್ಜನ ಎರಡೂ ಕೈಗಳನ್ನು ಎದೆಯ ಮೇಲೆ ತಂದು, ಅಂಗೈ ಮೇಲಾಗಿ ಒಂದರೊಳಗೊಂದು ಇರಿಸಿದ್ದರು. ನೋಡಿದರೆ ಏನನ್ನೋ ಬೇಡುವ ಹಾಗಿತ್ತು. ಫಿಲೋಮಿನಾಬಾಯಿಗೆ ತಡೆಯಲಾಗಲಿಲ್ಲ.

“ಹಾಗಲ್ಲ. ಕೈ ಇಳಿಸಿ. ತೊಡೆಯ ಪಕ್ಕಕ್ಕೆ, ನೇರವಾಗಿ ಇಡಿ.”

ಅಜ್ಜನ ತಂಗಿಯ ಮಗಳು ಮ್ವಿಕಾಲಿ ತಲೆಯೆತ್ತಿ ಈ ಇಂಡಿಯನ್ ಮುದುಕಿಯನ್ನು ನೋಡಿದಳು.

“ಯಾಕೆ?”

ಆ ಕೋರ್ಟಿನಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆ. ಫಿಲೋಮಿನಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತರು. ಸಂಗೀತದ ಟೀಚರ ದನಿ, ಅಂಗಳದ ಕೊನೆಯವರಿಗೂ ಕೇಳಿಸಿತು.

“ನಾನು ಹೇಳುತ್ತೇನೆ. ಯುದ್ಧದಲ್ಲಿ ಬಿಳಿಯರಿಗೊಂದು, ಇವರಿಗೊಂದು ಸಂಬಳ ಕೊಟ್ಟರು. ಅದಕ್ಕೇ ಇವರೂ ಕಿಲೋಂಜೊನೂ ಕೈ ಚಾಚಲಿಲ್ಲ. ಇದು ನನ್ನಪ್ಪನಿಗೆ ಗೊತ್ತಿತ್ತು, ಹೇಳಲಿಲ್ಲ. ಇವರು ಸಾಯುವವರೆಗೂ ಚಾಚಲಿಲ್ಲ. ಒಂದು ಸಲ ನಾನೇ ಬಲವಂತ ಮಾಡಿ ತುರುಕಿದೆ. ಅದನ್ನೂ ಗೇಟಿನಲ್ಲೇ ಇಟ್ಟು ಬಂದರು. ನಾನೇ ಸಾಕ್ಷಿ.”

ಮ್ವಿಕಾಲಿ ಬಗ್ಗಿ, ಅಜ್ಜನ ಕೈಗಳನ್ನು ಬಿಡಿಸಿ, ಒಂದೊಂದಾಗಿ ತೊಡೆಯ ಪಕ್ಕಕ್ಕೆ ಇಳಿಸಿದಳು.