ಹೂಮಳೆಯ ಸಾಕ್ಷಿ

ನೆರೆಮನೆಯ ಅಜ್ಜಿಗೆ ಮಾತಿನ ಕೊನೆಗೆ ‘ಬರ್ಕೊಳ್ಳಿ’ ಎನ್ನುವ ಅಭ್ಯಾಸ. ಸಾರಿಗೆ ಉಪ್ಪು ಸಾಲದಿದ್ದರೂ ಬರ್ಕೊಳ್ಳಿ. ಬೇಸಿಗೆಯಲ್ಲಿ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದರೆ ಅಂಗಳಕ್ಕಿಳಿದು ಸೆರಗು ಬೀಸಿ ಕುಣಿಯುತ್ತಿದ್ದರು.

ಅವರು ತೋಟವನ್ನು ನನ್ನ ಹೆಸರಿಗೆ ಉಯಿಲು ಬರೆದದ್ದು ಅವರ ಮೈದುನನ ಮಗನಿಗೆ ತಿಳಿಯಿತು. ಅಜ್ಜಿಯ ಬುದ್ಧಿ ಸ್ತಿಮಿತದಲ್ಲಿಲ್ಲ, ಆಸ್ತಿ ನೋಡಿಕೊಳ್ಳಲು ತನ್ನನ್ನು ನೇಮಿಸಿ ಎಂದು ಅವನು ಚಿಕ್ಕಮಗಳೂರಿನ ಕೋರ್ಟಿಗೆ ಹೋದ.

“ಮಳೆ ಬಂದ್ರೆ ಕುಣೀತಾರೆ ಸಾರ್,” ಎಂದು ಅವನು ಹೇಳುತ್ತಿದ್ದಂತೆಯೇ ಹೆಂಚಿನ ಮೇಲೆ ಹನಿ ಬಿತ್ತು. “ಬಂತು ಮಾರಾಯ್ರೆ,” ಎಂದು ತನ್ನ ವಕೀಲರನ್ನೇ ತಬ್ಬಿಕೊಂಡು, ಹೊರಗೆ ಓಡಿ, ಕೈ ಚಾಚಿ ಗಿರಗಿರನೆ ತಿರುಗಿದ. ವಕೀಲರೂ ಹಿಂದೆಯೇ ಓಡಿದರು. ಅವರಿಗೂ ತೋಟವಿತ್ತು.

ಅಜ್ಜಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. “ಸಾಹೇಬ್ರೇ, ಅವನಿಗೂ ನನ್ನ ಕಾಯಿಲೆನೇ. ಬರ್ಕೊಳ್ಳಿ.”

ನ್ಯಾಯಾಧೀಶರು ನಗು ತಡೆಯಲಾರದೆ ಕನ್ನಡಕ ತೆಗೆದರು. ಅರ್ಜಿ ವಜಾ ಆಯಿತು.

ಈ ವರ್ಷ ಅಜ್ಜಿ ಇಲ್ಲ. ಹೂಮಳೆ ಬಂದ ಸಂಜೆ ಅವರ ಅಂಗಳದಲ್ಲಿ ಸುಮ್ಮನೆ ನೆನೆಯುತ್ತ ನಿಂತಿದ್ದೆ. ಜೀಪು ಬಂತು. ಆ ಮೈದುನನ ಮಗನೇ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತ.

“ಕುಣೀರಿ ಮಾರಾಯ್ರೆ. ಇಲ್ದಿದ್ರೆ ನಿಮ್ಗೆ ಬುದ್ಧಿ ಸರಿ ಇಲ್ಲ ಅಂತ ಕೇಸು ಹಾಕ್ತೀನಿ.”

ಇಬ್ಬರೂ ಕುಣಿದೆವು.